ಎಂಜಿನ್ ಬದಲಿಸಿದ ಮೇಲೂ ಅದು ಅದೇ ಕಾರೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮದೊಂದು ಪುಟ್ಟ ವರ್ಕ್‌ಶಾಪ್ ಇದೆ. ಹಳೇ ಕಾರು, ಹಳೇ ಬೈಕು, ಇವೇ ನಮ್ಮ ಕೆಲಸ. ಕಾಲೇಜು ಹುಡುಗರಿಂದ ಹಿಡಿದು ಪಿಂಚಣಿ ತೆಗೆದುಕೊಳ್ಳುವವರವರೆಗೆ ಎಲ್ಲರೂ ಬಾನೆಟ್ ಮೇಲೆ ಕೈ ಊರಿಕೊಂಡು ಕೇಳುವ ಪ್ರಶ್ನೆ ಒಂದೇ. ಸ್ಪೋರ್ಟ್ಸ್ ಕಾರಿನ ಎಂಜಿನ್ ತೆಗೆದು ಬೇರೆಯದು ಕೂರಿಸಿದರೆ, ಉಳಿಯುವುದು ಅದೇ ಕಾರಾ? ಪ್ರತಿ ಸಲ ಟೀ ಆರುವವರೆಗೆ ಮಾತಾಡಿದ್ದೇವೆ. ಆ ಮಾತುಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ. ಎಂಜಿನ್ ಬದಲಾದರೆ ಕಾರು ಬದಲಾಗುತ್ತಾ?

ಕಾಗದದ ಮೇಲೆ ಇಲ್ಲ. ಸ್ಟೀರಿಂಗ್ ಹಿಡಿದು ಕೂತಾಗ, ಕೆಲವು ಕಾರುಗಳಲ್ಲಿ ಹೌದು. ಕಾರು ಮಾಡಿದವರು ಯಾವುದನ್ನು ಮೊದಲು ಇಟ್ಟುಕೊಂಡು ಮಿಕ್ಕಿದ್ದನ್ನು ಅದರ ಸುತ್ತ ಕಟ್ಟಿದರು ಅಂತ ನೋಡಬೇಕು. ಎಂಜಿನ್ ಸುತ್ತ ಕಟ್ಟಿದ ಕಾರಿನಿಂದ ಎಂಜಿನ್ ಕಿತ್ತರೆ ಅದು ಬೇರೆ ಕಾರು. ಚಾಸಿ, ಅಂದರೆ ಅಡಿಯ ಚೌಕಟ್ಟು, ಅದರ ಸುತ್ತ ಕಟ್ಟಿದ ಕಾರು ಎಂಜಿನ್ ಬದಲಾದರೂ ತಡೆದುಕೊಳ್ಳುತ್ತದೆ. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಒಂದೊಂದೇ ಉದಾಹರಣೆ ಕೊಡುತ್ತೇನೆ.

ಕಾಗದದ ಮೇಲೆ ಕಾರಿನ ಗುರುತು ಎಲ್ಲಿರುತ್ತದೆ?

ಚಾಸಿ ನಂಬರ್‌ನಲ್ಲಿ. ಈಗಿನ ಕಾರುಗಳಿಗೆ ಅಕ್ಷರ, ಅಂಕಿ ಸೇರಿ 17 ಸ್ಥಾನಗಳ ನಂಬರ್ ಇರುತ್ತದೆ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. 1 ಮತ್ತು 0 ಜೊತೆ ಗೊಂದಲ ಆಗಬಾರದಲ್ವಾ, ಅದಕ್ಕೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಕೂಡ ಇರುತ್ತದೆ. ಆದರೆ ಎಂಜಿನ್ ಬದಲಾದರೆ ಆ ಒಂದು ಸಾಲು ತಿದ್ದುತ್ತಾರೆ, ಗಾಡಿ ಅದೇ ಗಾಡಿಯಾಗಿ ಉಳಿಯುತ್ತದೆ.

ಆರ್‌ಟಿಒ ಕೆಲಸಕ್ಕೆ ಹೋದವರಿಗೆ ಪೆನ್ಸಿಲ್ ಪ್ರಿಂಟ್ ಗೊತ್ತಿರುತ್ತದೆ. ನಂಬರ್ ಇರುವ ಜಾಗದ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲ್ ಮಲಗಿಸಿ ನಿಧಾನಕ್ಕೆ ಉಜ್ಜಬೇಕು. ಬೂದು ಬಣ್ಣದ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಏಳುತ್ತವೆ. ಕಾರ್ಖಾನೆಯಲ್ಲಿ ಹೊಡೆದ ನಂಬರ್ ಆದರೆ ಸಾಲು ನೆಟ್ಟಗಿರುತ್ತದೆ, ಎಲ್ಲ ಅಂಕಿಗಳ ಆಳವೂ ಒಂದೇ. ಯಾರೋ ಆಮೇಲೆ ಸುತ್ತಿಗೆಯಲ್ಲಿ ಹೊಡೆದಿದ್ದರೆ ಒಂದು ಅಂಕಿ ಮೇಲೆ, ಇನ್ನೊಂದು ಕೆಳಗೆ. ಕಣ್ಣಿಗೆ ಕಾಣದ್ದನ್ನು ಆ ಕಾಗದ ತೋರಿಸಿಬಿಡುತ್ತದೆ. ಎಷ್ಟು ಸಲ ಮಾಡಿದರೂ ಆ ಮೊದಲ ಅಂಕಿ ಕಾಗದದಲ್ಲಿ ಏಳುವ ಗಳಿಗೆ ನನಗೆ ಇವತ್ತಿಗೂ ಇಷ್ಟ.

ಕಾನೂನು ಏನು ಹೇಳುತ್ತದೆ? ನನಗಿಷ್ಟ ಬಂದ ಎಂಜಿನ್ ಕೂರಿಸಬಹುದಾ?

ಸುಮ್ನೆ ಕೂರಿಸುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಎಂಜಿನ್ ಕೆಟ್ಟು ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಕೂರಿಸುವುದು ಬೇರೆ ವಿಷಯ. ಮೊದಲು ಆರ್‌ಟಿಒ ಅನುಮತಿ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್. ಆ ಎಂಜಿನ್ ಎಲ್ಲಿಂದ ಬಂತು ಅನ್ನುವ ಬಿಲ್ ಕೈಯಲ್ಲಿರಬೇಕು. ಬಿಲ್ ಇಲ್ಲದ ಗುಜರಿ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಾವು ಮುಟ್ಟುವುದಿಲ್ಲ. ಮೈಸೂರಿನ ಕೆಎ-09, ಕೆಎ-55, ಮಂಡ್ಯದ ಕೆಎ-11, ಎಲ್ಲಿಗೆ ಹೋದರೂ ಕಾನೂನು ಒಂದೇ. ವಿಮೆ ಕಂಪನಿಗೂ ತಿಳಿಸಿ. ಅಪಘಾತ ಆದ ದಿನ ಎಂಜಿನ್ ನಂಬರ್ ತಾಳೆಯಾಗದಿದ್ದರೆ ದುಡ್ಡು ಬರುವುದು ಕಷ್ಟ.

ಹಾಗಾಗಿ ಮುಂದೆ ಹೇಳುವ ದೊಡ್ಡ ದೊಡ್ಡ ಎಂಜಿನ್ ಬದಲಾವಣೆಗಳನ್ನು ನಮ್ಮ ರಸ್ತೆಯಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಪ್ರಶ್ನೆ ಅರ್ಥವಾಗಲಿ ಅಂತ ಆ ಕಾರುಗಳ ಕಥೆ ಹೇಳುತ್ತಿದ್ದೇನೆ.

ಮಜ್ದಾ ಆರ್‌ಎಕ್ಸ್-7ಗೆ ವಿ8 ಎಂಜಿನ್ ಹಾಕುತ್ತಾರಲ್ಲ, ಅದು ಆರ್‌ಎಕ್ಸ್-7 ಆಗಿ ಉಳಿಯುತ್ತಾ?

ಆರ್‌ಎಕ್ಸ್-7 ಜಪಾನಿನ ಸ್ಪೋರ್ಟ್ಸ್ ಕಾರು. ವಿ8 ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ನಮ್ಮಲ್ಲಿ ಅತಿ ಹೆಚ್ಚು ಜಗಳ ನಡೆದಿರುವುದು ಈ ಪ್ರಶ್ನೆಗೇ. ನನ್ನ ಉತ್ತರ: ಉಳಿಯುವುದಿಲ್ಲ.

ಮೊದಲು ಆರ್‌ಎಕ್ಸ್-7ರ ಸ್ವಂತ ರೋಟರಿ ಎಂಜಿನ್ ಏನು ಅಂತ ನೋಡೋಣ. ಅದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೊಟ್ಟೆ ಆಕಾರದ ಗೂಡಿನೊಳಗೆ ಉಬ್ಬಿದ ತ್ರಿಕೋನದಂಥ ರೋಟರ್ ತಿರುಗುತ್ತದೆ. ತೊಂಬತ್ತರ ದಶಕದ ಆರ್‌ಎಕ್ಸ್-7ನಲ್ಲಿ ಅಂಥ ಎರಡು ರೋಟರ್. ಒಂದೊಂದು 654 ಸಿಸಿ, ಒಟ್ಟು 1,308 ಸಿಸಿ. ನಮ್ಮ ಮನೆ ಕಾರುಗಳಷ್ಟೇ ಸಿಸಿ ಅಲ್ವಾ? ಅದಕ್ಕೆ ಎರಡು ಟರ್ಬೊ ಸೇರಿದರೆ ಅದರ ಓಟವೇ ಬೇರೆ. ಎಂಜಿನ್ ಪುಟ್ಟದು. ಹಾಗಾಗಿ ಮುಂದಿನ ಚಕ್ರಗಳ ಸಾಲಿಗಿಂತ ಹಿಂದಕ್ಕೆ ಸರಿಸಿ, ತಗ್ಗಿನಲ್ಲಿ ಕೂರಿಸಿದರು. ಬಾನೆಟ್ ಅಷ್ಟು ಕೆಳಗಿರುವುದು ಅದರಿಂದಲೇ. ಅಂದರೆ ಆ ಕಾರಿನ ಮುಖವನ್ನು ರೂಪಿಸಿದ್ದೇ ಎಂಜಿನ್. ಹೆಸರಿನ ಆರ್ ಅಕ್ಷರವೂ ರೋಟರಿಯದೇ. 1991ರಲ್ಲಿ ಲೆ ಮಾನ್ಸ್ ಇಪ್ಪತ್ನಾಲ್ಕು ಗಂಟೆ ರೇಸನ್ನು ಮಜ್ದಾ ಗೆದ್ದಿದ್ದು ನಾಲ್ಕು ರೋಟರ್‌ಗಳ 787ಬಿ ಕಾರಿನಿಂದ. ಒಂದು ಕಂಪನಿ ಛಲ ಹಿಡಿದು ಸಾಕಿದ ಎಂಜಿನ್ ಅದು.

ಮತ್ತೆ ಜನ ಅದನ್ನು ಯಾಕೆ ತೆಗೆಯುತ್ತಾರೆ? ಅವರಿಗೂ ಕಾರಣ ಇದೆ. ರೋಟರ್‌ನ ಮೂರು ಮೂಲೆಯಲ್ಲಿ ಸಣ್ಣ ಸೀಲ್ ಪಟ್ಟಿಗಳಿರುತ್ತವೆ. ಅವು ಸವೆದರೆ, ಮುರಿದರೆ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಹೋಯಿತು. ಬಿಸಿ ಜಾಸ್ತಿ, ಪೆಟ್ರೋಲ್ ಜಾಸ್ತಿ. ಆಯಿಲ್ ಅಂತೂ ಕುಡಿಯುವ ಹಾಗೆಯೇ ಮಾಡಿದ್ದಾರೆ, ಸೀಲ್‌ಗೆ ನಯ ಸಿಗಲಿ ಅಂತ. ಪದೇ ಪದೇ ಬಿಚ್ಚಿ ಸಾಕಾದವರು ಅಮೆರಿಕದ ಎಲ್‌ಎಸ್ ಅನ್ನುವ ವಿ8 ಹಾಕುತ್ತಾರೆ. "ಮುಂದೆ ಭಾರ ಬಿದ್ದು ಕಾರು ಕೆಡುತ್ತೆ" ಅಂತ ಇಲ್ಲಿ ಹಲವರು ವಾದ ಮಾಡುತ್ತಾರೆ. ಆ ವಾದ ಅಷ್ಟು ಗಟ್ಟಿ ಇಲ್ಲ. ಅಲ್ಯೂಮಿನಿಯಂ ಬ್ಲಾಕಿನ ಎಲ್‌ಎಸ್ ನೋಡಿದಷ್ಟು ಭಾರ ಇಲ್ಲ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇರುವುದರಿಂದ ತಲೆಯೂ ಎತ್ತರ ಇಲ್ಲ. ಚೆನ್ನಾಗಿ ಕೂರಿಸಿದರೆ ಸಮತೋಲ ಉಳಿಯುತ್ತದೆ.

ಆದರೂ ಅದು ಆರ್‌ಎಕ್ಸ್-7 ಅಲ್ಲ ಅನ್ನುತ್ತೇನೆ. ಒಳ್ಳೆ ಕಾರು, ಬಹುಶಃ ಹೆಚ್ಚು ನಂಬಿಕೆಯ ಕಾರು. ಆದರೆ ಮೇಲೆ ಮೇಲೆ ಏರುತ್ತಲೇ ಹೋಗುವ ಆ ನುಣುಪಾದ ತಿರುಗಾಟ, ಐಡಲ್‌ನಲ್ಲಿ ಬಿಟ್ಟು ಬಿಟ್ಟು ಬಡಿಯುವ ಆ ಸದ್ದು, ಇವು ಹೋದ ಮೇಲೆ ಉಳಿಯುವುದು ಚಂದದ ಮೈ ಮಾತ್ರ.

ಪೋರ್ಷೆ 911 ವಿಷಯದಲ್ಲಿ?

ಇಲ್ಲಿ ಕಂಪನಿಯೇ ಉತ್ತರ ಕೊಟ್ಟಿದೆ. ಅರವತ್ತರ ದಶಕದಲ್ಲಿ 911ರ ಮೈಗೆ ಹಳೇ 356 ಮಾದರಿಯ ನಾಲ್ಕು ಸಿಲಿಂಡರ್ ಎಂಜಿನ್ ಕೂರಿಸಿ ಕಡಿಮೆ ಬೆಲೆಗೆ ಮಾರಿದರು. ಮೈ ಅದೇ, ಬಾಗಿಲು ಅದೇ, ಎಂಜಿನ್ ಇರುವ ಜಾಗವೂ ಹಿಂದೆಯೇ. ಆದರೆ ಅದನ್ನು 911 ಅನ್ನಲಿಲ್ಲ, 912 ಅಂದರು. ಎರಡು ಸಿಲಿಂಡರ್ ಕಡಿಮೆಯಾದದ್ದಕ್ಕೆ ಹೆಸರೇ ಬೇರೆ.

ಅದೇ ಕಂಪನಿ 1997ರಲ್ಲಿ 996 ಅನ್ನುವ ಹೊಸ ತಲೆಮಾರಿನ 911 ತಂದಾಗ ಗಾಳಿಯಿಂದ ತಣಿಯುವ ಎಂಜಿನ್ ಬಿಟ್ಟು ನೀರಿನಿಂದ ತಣಿಯುವುದನ್ನು ಹಾಕಿತು. ಆಗ ಮಾತ್ರ 911 ಹೆಸರು ಬಿಡಲಿಲ್ಲ. ಅಭಿಮಾನಿಗಳು ಸಿಟ್ಟಾದರು. ನನ್ನ ಪ್ರಕಾರ ಕಂಪನಿ ಮಾಡಿದ್ದು ಸರಿ. ಹಿಂದಿನ ಚಕ್ರದ ಆಚೆ ಅಡ್ಡ ಮಲಗಿದ ಆರು ಸಿಲಿಂಡರ್, ಅದೇ 911. ಅದು ಉಳಿದಿತ್ತು.

ಎಂಜಿನ್ ಬದಲಾದರೂ ಏನೂ ಆಗದ ಕಾರು ಯಾವುದಾದರೂ ಇದೆಯಾ?

ಲೋಟಸ್ ಎಲಿಸ್, ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರು. 1996ರಲ್ಲಿ ಬಂದಾಗ ಅದರಲ್ಲಿ ರೋವರ್‌ನ 1.8 ಲೀಟರ್ ಎಂಜಿನ್ ಇತ್ತು. ಆಮೇಲೆ ಟೊಯೋಟಾ ಎಂಜಿನ್ ಬಂತು. ಮಾಲೀಕರು ಹೋಂಡಾದ್ದನ್ನೂ ಹಾಕಿಕೊಂಡರು. ಎಲಿಸ್ ಎಲಿಸ್ ಆಗೇ ಉಳಿಯಿತು. ಯಾಕೆಂದರೆ ಆ ಕಾರಿನ ಜೀವ ಇರುವುದು ಅಲ್ಯೂಮಿನಿಯಂ ಪಟ್ಟಿಗಳನ್ನು ಗೋಂದಿನಿಂದ ಅಂಟಿಸಿ ಮಾಡಿದ ಚಾಸಿಯಲ್ಲಿ. ಚಾಸಿ 70 ಕೆಜಿಯ ಒಳಗೆ, ಮೊದಲ ಎಲಿಸ್ ಇಡೀ ಕಾರು ಸುಮಾರು 725 ಕೆಜಿ. ಎಂಜಿನ್ ಅಲ್ಲಿ ಬಾಡಿಗೆಗೆ ಬಂದ ಹಾಗೆ. ಮನೆ ಚೆನ್ನಾಗಿದೆ, ಬಾಡಿಗೆದಾರ ಬದಲಾಗುತ್ತಾನೆ.

ಮೆಕ್‌ಲಾರೆನ್ ಎಫ್1 ಅನ್ನುವ ಸ್ಪೋರ್ಟ್ಸ್ ಕಾರನ್ನೂ ನೋಡಿ. ಎಂಜಿನ್ ಬಿಎಂಡಬ್ಲ್ಯುದು. ಯಾರೂ ಅದನ್ನು ಬಿಎಂಡಬ್ಲ್ಯು ಅನ್ನುವುದಿಲ್ಲ.

ಎಂಜಿನ್ ಬದಲಾಗಿ ಹೊಸ ಕಾರೇ ಹುಟ್ಟಿದ್ದು ಇದೆಯಾ?

ಇದೆ, ಎಸಿ ಕೋಬ್ರಾ. ಇಂಗ್ಲೆಂಡಿನ ಎಸಿ ಕಂಪನಿಯ ಏಸ್ ಅನ್ನುವ ಸಣ್ಣ ಕಾರಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಫೋರ್ಡ್ ವಿ8 ಹಾಕಿಸಿದ. ಅದಕ್ಕೆ ಮುಂಚೆಯೇ ಏಸ್‌ನಲ್ಲಿ ಎಂಜಿನ್ ಬದಲಾಗಿತ್ತು. ಎಸಿಯ ಸ್ವಂತದ್ದು, ಆಮೇಲೆ ಬ್ರಿಸ್ಟಲ್‌ನದು, ಆಮೇಲೆ ಫೋರ್ಡ್‌ನ ಆರು ಸಿಲಿಂಡರ್. ಅಷ್ಟಾದರೂ ಅದು ಏಸ್. ವಿ8 ಬಂದಾಗ ಮಾತ್ರ ಹೆಸರು, ಸ್ವಭಾವ, ಅದನ್ನು ಓಡಿಸುವ ಜನ, ಎಲ್ಲವೂ ಬದಲಾಯಿತು. ಇಂಥ ಕಡೆ "ಹಳೆಯದು ಕೆಟ್ಟಿತು" ಅನ್ನುವುದು ತಪ್ಪು. ಹೊಸದು ಹುಟ್ಟಿತು, ಹೊಸ ಹೆಸರೂ ಇಟ್ಟರು. ಸನ್‌ಬೀಮ್ ಆಲ್ಪೈನ್‌ಗೆ ಫೋರ್ಡ್ ವಿ8 ಹಾಕಿ ಟೈಗರ್ ಅಂತ ಕರೆದದ್ದೂ ಹಾಗೆಯೇ. ಆಮೇಲೆ ಆ ಕಂಪನಿ ಫೋರ್ಡ್‌ನ ಎದುರಾಳಿ ಕ್ರೈಸ್ಲರ್ ಪಾಲಾಯಿತು. ಎದುರಾಳಿಯ ಎಂಜಿನ್ ಇರುವ ಕಾರನ್ನು ಎಷ್ಟು ದಿನ ಮಾರುತ್ತಾರೆ ಹೇಳಿ?

ನಮ್ಮ ದೇಶದ ಕಾರುಗಳಲ್ಲಿ ಉದಾಹರಣೆ ಕೊಡಿ.

ಎರಡು ಕೊಡುತ್ತೇನೆ. ಎರಡೂ ಸ್ಪೋರ್ಟ್ಸ್ ಕಾರಲ್ಲ, ಆದರೆ ಪಾಠ ಇರುವುದು ಇವುಗಳಲ್ಲೇ.

ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ 2000. 1985ರಲ್ಲಿ ಬಂತು. ಮೈ ಇಂಗ್ಲೆಂಡಿನ ರೋವರ್ ಎಸ್‌ಡಿ1ದು. ಅಲ್ಲಿ ಆ ಮೈಯೊಳಗೆ 3.5 ಲೀಟರ್ ವಿ8 ಕೂಡ ಇತ್ತು. ಇಲ್ಲಿ ಹಾಕಿದ್ದು ಹಳೇ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾಲದ ಎರಡು ಲೀಟರ್ ಎಂಜಿನ್. ನೋಡುವುದಕ್ಕೆ ರಾಜ, ಎಳೆಯುವುದಕ್ಕೆ ಉಸಿರಿಲ್ಲ. ಕೆಲವೇ ವರ್ಷಕ್ಕೆ ನಿಂತುಹೋಯಿತು.

ಕಾಂಟೆಸ್ಸಾ ಕಥೆ ಉಲ್ಟಾ. ಎಂಬತ್ತರ ದಶಕದಲ್ಲಿ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ ಜೊತೆ ಬಂತು. ಅಷ್ಟು ಉದ್ದದ ಕಾರಿಗೆ ಸುಮಾರು 50 ಕುದುರೆ ಶಕ್ತಿ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೇ ಆ ಮೈಗೆ ತಕ್ಕ ಶಕ್ತಿ ಸಿಕ್ಕಿದ್ದು. ಇವತ್ತು ಕಾಂಟೆಸ್ಸಾ ಬೇಕು ಅಂತ ಬರುವವರಲ್ಲಿ ಹೆಚ್ಚಿನವರು ಕೇಳುವುದು ಇಸುಜುವನ್ನೇ. ಅಂದರೆ ಎರಡನೇ ಎಂಜಿನ್ನೇ ಆ ಕಾರಿನ ಗುರುತಾಯಿತು. ಮೊದಲು ಬಂದದ್ದೇ ನಿಜವಾದದ್ದು ಅಂತ ಯಾವಾಗಲೂ ಹೇಳಲಾಗುವುದಿಲ್ಲ.

ದಸರೆಯಲ್ಲಿ ಆನೆ ಬದಲಾಗುತ್ತದೆ, ಅಂಬಾರಿ ಅದೇ. ಕಾರೂ ಹಾಗೇ ಅಲ್ವಾ?

ನಮ್ಮ ಹಳೇ ಗಿರಾಕಿಯೊಬ್ಬರು ಕೇಳಿದ ಪ್ರಶ್ನೆ ಇದು. ಎಷ್ಟೋ ದಿನ ತಲೆಯಲ್ಲಿ ಕೊರೆಯಿತು. ದ್ರೋಣ ಹೊತ್ತ, ಬಲರಾಮ ಹೊತ್ತ. 2012ರಿಂದ 2019ರವರೆಗೆ ಎಂಟು ಸಲ ಅರ್ಜುನ ಹೊತ್ತ. 2020ರಿಂದ ಅಭಿಮನ್ಯು ಬಂದ. 750 ಕೆಜಿಯ ಚಿನ್ನದ ಅಂಬಾರಿ ಅದೇ, ಒಳಗೆ ಕೂತ ತಾಯಿ ಅವಳೇ. ಜಂಬೂ ಸವಾರಿ ಜಂಬೂ ಸವಾರಿಯೇ.

ಆದರೆ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ನೋಡಿದವರನ್ನು ಕೇಳಿ. ಅರ್ಜುನನ ನಡಿಗೆಯೇ ಬೇರೆ, ಅಭಿಮನ್ಯುವಿನದೇ ಬೇರೆ ಅನ್ನುತ್ತಾರೆ. ಅಲ್ಲಿ ಎಲ್ಲರ ಕಣ್ಣು ತಾಯಿಯ ಮೇಲೆ. ಆನೆ ಅವಳನ್ನು ಹೊರುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಹೊರುವುದಕ್ಕೆ ಏನಿದೆ? ಇಬ್ಬರು ಮನುಷ್ಯರು, ಒಂದು ಚೀಲ. ನಾವು ಹೋಗುವುದೇ ಆ ನಡಿಗೆಗಾಗಿ. ಹಾಗಾಗಿ ಈ ಹೋಲಿಕೆ ಮನೆಯ ದೊಡ್ಡ ಕಾರಿಗೆ ಒಪ್ಪುತ್ತದೆ, ಸ್ಪೋರ್ಟ್ಸ್ ಕಾರಿಗೆ ಅರ್ಧ ಮಾತ್ರ.

ಹಾಗಾದರೆ ಹೊಸ ಜಾವಾ ನಿಜವಾದ ಜಾವಾ ಹೌದೋ ಅಲ್ಲವೋ?

ಮೈಸೂರಿನಲ್ಲಿ ಈ ಪ್ರಶ್ನೆ ಬಾರದೆ ಮಾತು ಮುಗಿಯುವುದಿಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಎಪ್ಪತ್ತರ ದಶಕದಲ್ಲಿ ಹೆಸರು ಜಾವಾದಿಂದ ಯೆಜ್ಡಿ ಆಯಿತು. ಎಂಜಿನ್ ಮಾತ್ರ ಅದೇ ಮನೆತನದ ಎರಡು ಸ್ಟ್ರೋಕಿನ 250 ಸಿಸಿ. ಒದ್ದು ಸ್ಟಾರ್ಟ್ ಮಾಡುವ ಲಿವರ್ರೇ ಗೇರ್ ಲಿವರ್, ಎರಡು ಕಡೆ ಎರಡು ಸೈಲೆನ್ಸರ್. ಹೆಸರು ಬದಲಾದರೂ ಹಳಬರು ಅದನ್ನು ಜಾವಾ ಅಂತಲೇ ಕರೆದರು. ಎಂಜಿನ್ ಅದೇ ಇತ್ತಲ್ಲ.

2018ರಲ್ಲಿ ಹೆಸರು ಮರಳಿ ಬಂತು. ಆಗ ಬಂದ ಎಂಜಿನ್ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಯುವುದು, 293 ಸಿಸಿ. ನನಗೆ ಅದು ಮೊಮ್ಮಗನಿಗೆ ತಾತನ ಹೆಸರಿಟ್ಟ ಹಾಗೆ. ಹೆಸರು ಹಿಡಿದು ಕರೆಯುವಾಗ ಖುಷಿಯಾಗುತ್ತದೆ. ಮುಖದಲ್ಲಿ ತಾತನ ಹೋಲಿಕೆಯೂ ಇದೆ. ಆದರೆ ತಾತನ ಕೆಮ್ಮು ಕೇಳಿದರೇ ಗೊತ್ತಾಗುತ್ತಿತ್ತು, ಬಂದವರು ಯಾರು ಅಂತ.

ಎಲೆಕ್ಟ್ರಿಕ್ ಮೋಟಾರ್ ಹಾಕಿದರೆ?

52ನೇ ಕಲಂ ಬ್ಯಾಟರಿ, ಸಿಎನ್‌ಜಿಯಂಥ ಬೇರೆ ಇಂಧನಕ್ಕೆ ಮಾರ್ಪಡಿಸಲು ದಾರಿ ಬಿಟ್ಟಿದೆ. ಮಾನ್ಯತೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಬರಬೇಕು. ಅದು ಕಾನೂನಿನ ಮಾತು.

ಗುರುತಿನ ಮಾತಿಗೆ ಬಂದರೆ ಮಂಡ್ಯದ ಆಲೆಮನೆ ನೆನಪಾಗುತ್ತದೆ. ಗಾಣ ತಿರುಗಿಸಲು ಒಂದು ಕಾಲದಲ್ಲಿ ಎತ್ತು. ಆಮೇಲೆ ಡೀಸೆಲ್ ಎಂಜಿನ್, ಆಮೇಲೆ ಕರೆಂಟ್ ಮೋಟಾರ್. ಬೆಲ್ಲದ ರುಚಿ ಎತ್ತನ್ನು ಕೇಳುವುದಿಲ್ಲ. ಆಲೆಮನೆಗೆ ಬೇಕಾದದ್ದು ಹಾಲು, ಅಂದರೆ ಕಬ್ಬಿನ ರಸ. ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ನಿನ ಸದ್ದು, ಕಂಪನ, ಗೇರ್ ಬಿದ್ದಾಗಿನ ಆ ಎಳೆತ, ಅವೇ ರಸ. ಹಳೇ ಸ್ಪೋರ್ಟ್ಸ್ ಕಾರಿನ ಎಂಜಿನ್ ಪೂರಾ ಹೋಗಿ, ಬಿಡಿಭಾಗ ಎಲ್ಲೂ ಸಿಗದೆ, ತುಕ್ಕು ಹಿಡಿದು ಸಾಯುವುದೇ ಗತಿಯಾದರೆ ಮೋಟಾರ್ ಹಾಕಿ ಓಡಿಸಿ. ಓಡುತ್ತಿರುವ ಎಂಜಿನ್ ಕಿತ್ತು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಳೇ ಕಾರಿಗೆ ವಿಂಟೇಜ್ ನಂಬರ್ ಬೇಕು. ಎಂಜಿನ್ ಬದಲಾಗಿದ್ದರೆ ತೊಂದರೆಯೇ?

ಹೌದು. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಜೊತೆಗೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಕಾರ್ಖಾನೆಯ ಎಂಜಿನ್ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಶ್ರೀರಂಗಪಟ್ಟಣದ ಹತ್ತಿರ ಪಯಣ ಕಾರ್ ಮ್ಯೂಸಿಯಂ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಕೊಳ್ಳುವಾಗ ಎಂಜಿನ್ ಬದಲಾಗಿದೆ ಅಂತ ಹೇಗೆ ಪತ್ತೆ ಹಚ್ಚುವುದು?

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ವರ್ಷಗಳ ಹಿಂದೆ ಒಂದು ಕಾಂಟೆಸ್ಸಾ ಕೊಂಡೆ. ಮಾರಿದವರು "ಎಲ್ಲ ಒರಿಜಿನಲ್" ಅಂದರು. ಎಂಜಿನ್ ಇಸುಜುವೇ, ಸದ್ದೂ ಚೆನ್ನಾಗಿತ್ತು. ಹೆಸರು ವರ್ಗಾವಣೆಗೆ ಹೋದಾಗ ಎಂಜಿನ್ ನಂಬರ್ ತಾಳೆಯಾಗಲಿಲ್ಲ. ಬೇರೆ ಯಾವುದೋ ಕಾಂಟೆಸ್ಸಾದ ಎಂಜಿನ್ ಅದು, ಬಿಲ್ ಇಲ್ಲ. ಕಾಗದ ಸರಿಯಾಗುವವರೆಗೆ ಕಾರು ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೆ ನಿಂತಿತ್ತು. ಕಾರಿನ ಮೇಲೆ ಸಿಟ್ಟು ಬರಲಿಲ್ಲ. ಹೇಳದೆ ಬಿಟ್ಟರಲ್ಲ ಅಂತ ಬೇಜಾರಾಯಿತು. ಹೇಳಿದ್ದರೂ ಕೊಳ್ಳುತ್ತಿದ್ದೆ.

ಈಗ ಬಾನೆಟ್ ಎತ್ತಿದ ಕೂಡಲೇ ಎಂಜಿನ್ ಮೌಂಟಿನ ಬೋಲ್ಟ್ ನೋಡುತ್ತೇನೆ. ಸುತ್ತ ಎಲ್ಲ ಹಳೇ ಜಿಡ್ಡು ಇದ್ದು ಬೋಲ್ಟಿನ ತಲೆ ಮಾತ್ರ ಹೊಳೆಯುತ್ತಿದ್ದರೆ ಯಾರೋ ಇಳಿಸಿದ್ದಾರೆ ಅಂತ ಲೆಕ್ಕ. ನಂಬರ್ ಇರುವ ಜಾಗದ ಮೇಲೆ ಉಗುರು ಎಳೆಯಿರಿ. ಗ್ರೈಂಡರ್ ಆಡಿಸಿದ್ದರೆ ಬಣ್ಣದ ಕೆಳಗೂ ಗೀರು ತಗಲುತ್ತದೆ. ವೈರುಗಳಿಗೆ ಕಪ್ಪು ಟೇಪ್ ಸುತ್ತಿದ ಗಂಟು ಜಾಸ್ತಿ ಇದ್ದರೆ ನಿಂತು ಕೇಳಿ.

ಆಮೇಲೆ ಕಾರನ್ನು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿ. ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ನಿಧಾನಕ್ಕೆ. ಮುಂದೆ ಭಾರ ಜಾಸ್ತಿಯಾಗಿದ್ದರೆ ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯುತ್ತದೆ. ಇಳಿಯುವಾಗ ಬ್ರೇಕಿನ ವಾಸನೆ ಬಂದರೆ, ಎಂಜಿನ್ ದೊಡ್ಡದು ಹಾಕಿದವರು ಬ್ರೇಕ್ ಹಳೆಯದೇ ಬಿಟ್ಟಿದ್ದಾರೆ ಅಂತ ಅನುಮಾನಪಡಿ. ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಸ್ಪ್ರಿಂಗ್, ಎಲ್ಲವೂ ಎಂಜಿನ್ ಜೊತೆ ಹೊಂದಬೇಕು.

ಯಾರಾದರೂ "ಇದು ಯಾವ ಕಾರು" ಅಂತ ಕೇಳಿದರೆ ಏನು ಹೇಳಲಿ?

ಎರಡೂ ಹೆಸರು ಹೇಳಿ. "ಇಂಥ ಕಾರು, ಇಂಥ ಎಂಜಿನ್." ಮಾರುವಾಗ ಬರೆದು ಕೊಡಿ.

ತೆಗೆದ ಹಳೇ ಎಂಜಿನ್ ಏನು ಮಾಡಲಿ?

ದಯವಿಟ್ಟು ಗುಜರಿಗೆ ಹಾಕಬೇಡಿ. ಅದು ನಿಮ್ಮ ಹತ್ತಿರ ಇರುವವರೆಗೆ ಕಾರು ಮತ್ತೆ ಮೊದಲಿನ ಹಾಗೆ ಆಗಬಹುದು. ಮುಂದೆ ಕೊಳ್ಳುವವರೂ ಮೊದಲು ಕೇಳುವುದು ಅದನ್ನೇ.

ನೀರು, ಆಯಿಲ್ ಪೂರಾ ಇಳಿಸಿ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರ್‌ಗೂ ಎರಡು ಚಮಚ ಎಂಜಿನ್ ಆಯಿಲ್ ಬಿಡಿ, ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಹಾಕಿ. ಗಾಳಿ, ಹೊಗೆ ಹೋಗುವ ತೂತುಗಳಿಗೆ ಬಟ್ಟೆ ತುರುಕಿ ಮೇಲೆ ಟೇಪ್ ಸುತ್ತಿ. ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ. ಸಿಮೆಂಟ್ ನೆಲದ ಮೇಲೆ ಇಡಬೇಡಿ, ಮರದ ಹಲಗೆ ಮೇಲೆ ಇಡಿ. ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಗೆ ಹಾಕಿ, ಯಾವ ಜಾಗದ್ದು ಅಂತ ಚೀಟಿ ಅಂಟಿಸಿ, ಎಂಜಿನ್ ಪಕ್ಕದಲ್ಲೇ ಇಡಿ. ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಪ್ರತಿಯ ಜೊತೆ ಕವರ್‌ನಲ್ಲಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಿ ಒಂದೂವರೆ ಸುತ್ತು ತಿರುಗಿಸಿ, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಿಸಿ. ಅದೇ ವಾಲ್ವ್ ಸ್ಪ್ರಿಂಗ್ ವರ್ಷಗಟ್ಟಲೆ ಒತ್ತಿಕೊಂಡಿರಬಾರದು. ನಮ್ಮ ವರ್ಕ್‌ಶಾಪಿನ ಹಿಂದಿನ ಗೋಡೆಗೆ ಇಂಥವು ಮೂರು ಇವೆ. ತಿಂಗಳ ಮೊದಲ ಸೋಮವಾರ ಬಾಗಿಲು ತೆಗೆದ ಕೂಡಲೇ ಮೊದಲು ಅವುಗಳ ಸರದಿ.